ಎಲ್ಲೂ ಬರೆಯದ ಕರಾರು

ಡಿಸೈನ್ ರಿವ್ಯೂ ಸಭೆಗಳಲ್ಲಿ ಒಂದು ಮಾತು ಬಂದ ಕೂಡಲೇ ಚರ್ಚೆ ನಿಂತುಹೋಗುವುದನ್ನು ನಾನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. "ನಾವು ಹಾಗೆಂದು ಎಲ್ಲಿಯೂ ಹೇಳಿಲ್ಲವಲ್ಲ" ಎಂಬುದೇ ಆ ಮಾತು. ಸ್ಟೋರೇಜ್ ಸಾಫ್ಟ್‌ವೇರ್ ಬರೆಯುವುದು ನನ್ನ ವೃತ್ತಿಯಾದ್ದರಿಂದ ಇಂಥ ಸಭೆಗಳು ನನಗೆ ಹೊಸತಲ್ಲ. ಒಂದು ತಂಡ ತನ್ನ ಪದರದ ನಡವಳಿಕೆಯನ್ನು ಬದಲಿಸುವ ಪ್ರಸ್ತಾವ ತರುತ್ತದೆ. ಅದರ ಮೇಲೆ ನಿಂತ ಇನ್ನೊಂದು ತಂಡ, ಹೀಗೆ ಮಾಡಿದರೆ ನಮ್ಮ ಪ್ರೋಗ್ರಾಂ ಕೆಡುತ್ತದೆ ಎಂದು ತಕರಾರು ತೆಗೆಯುತ್ತದೆ. ಆಗ ಮೊದಲ ತಂಡದ ಹಿರಿಯರೊಬ್ಬರು ಡಾಕ್ಯುಮೆಂಟನ್ನು ಪರದೆಯ ಮೇಲೆ ತೆರೆದು, ನೀವು ನಂಬಿಕೊಂಡಿರುವ ಸಂಗತಿಯನ್ನು ನಾವು ಯಾವತ್ತೂ ವಾಗ್ದಾನ ಮಾಡಿಲ್ಲವೆಂದು ತೋರಿಸುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಅದು ಸತ್ಯವಾಗಿರುವುದರಿಂದಲೇ ನನ್ನನ್ನು ಕಾಡುತ್ತದೆ. ಸತ್ಯವಾದ ಒಂದು ಮಾತು, ಕೇಳಬೇಕಾಗಿದ್ದ ಮುಖ್ಯ ಪ್ರಶ್ನೆಯನ್ನೇ ಕೇಳದಂತೆ ಹೇಗೆ ಮಾಡಿಬಿಡುತ್ತದೆ ಎಂಬುದನ್ನು ಯೋಚಿಸುವಾಗಲೆಲ್ಲ ನನಗೆ ಲಿನಕ್ಸ್‌ನ ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲುಗಳನ್ನು ಇಟ್ಟು ನೋಡಿಕೊಳ್ಳುವ ಭಾಗ) ಕುರಿತು 2009ರಲ್ಲಿ ನಡೆದ ವಾದ ನೆನಪಾಗುತ್ತದೆ. ಆ ವಾದದಲ್ಲಿ ಎರಡೂ ಕಡೆಯವರು ಸರಿಯಾಗಿಯೇ ಮಾತಾಡುತ್ತಿದ್ದರು. ಆದರೂ ಅದು ಮುಗಿದ ರೀತಿಯಿಂದ ಕಲಿಯಬೇಕಾದದ್ದು ಇನ್ನೂ ಮುಗಿದಿಲ್ಲ ಎಂದು ನನಗನ್ನಿಸುತ್ತದೆ.

ಐದು ಸೆಕೆಂಡಿನ ಅಭ್ಯಾಸ

ಆ ಕಾಲಕ್ಕೆ ಲಿನಕ್ಸ್ ಬಳಸುತ್ತಿದ್ದವರ ಡಿಸ್ಕ್‌ಗಳಲ್ಲಿ ಹೆಚ್ಚಾಗಿ ಇದ್ದದ್ದು ಎಕ್ಸ್ಟ್-3 ಎಂಬ ಫೈಲ್ ಸಿಸ್ಟಮ್. ತಾನು ಮಾಡುವ ಬದಲಾವಣೆಗಳನ್ನು ಅದು ಸಾಮಾನ್ಯವಾಗಿ ಐದು ಸೆಕೆಂಡಿಗೊಮ್ಮೆ ಜರ್ನಲ್‌ಗೆ, ಅಂದರೆ ಡಿಸ್ಕ್‌ನಲ್ಲೇ ಇಡುವ ಬದಲಾವಣೆಗಳ ದಿನಚರಿಗೆ, ಸೇರಿಸುತ್ತಿತ್ತು. ಅದು ನಡೆಯುತ್ತಿದ್ದ ಕ್ರಮದಲ್ಲಿ, ಹೊಸದಾಗಿ ಬರೆದ ದತ್ತಾಂಶ ಮೊದಲು ಡಿಸ್ಕ್ ತಲುಪುತ್ತಿತ್ತು, ಆ ದತ್ತಾಂಶದ ವಿವರ ಹೇಳುವ ದಾಖಲೆ ನಂತರ ಜರ್ನಲ್ ಸೇರುತ್ತಿತ್ತು. ಇದರಿಂದ ಪ್ರೋಗ್ರಾಂ ಬರೆಯುವವರಿಗೆ, ಅವರು ಕೇಳದೆಯೇ, ಒಂದು ಅನುಕೂಲ ಸಿಕ್ಕಿತ್ತು. ಒಂದು ಸೆಟ್ಟಿಂಗ್ಸ್ ಫೈಲನ್ನು ಬದಲಿಸಬೇಕೆಂದರೆ, ಹೊಸ ವಿಷಯವನ್ನು ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ರೀನೇಮ್ ಮಾಡಿ ಹಳೆಯ ಫೈಲಿನ ಜಾಗಕ್ಕೆ ಅದನ್ನು ತಂದರೆ ಸಾಕಿತ್ತು. ನಡುವೆ ವಿದ್ಯುತ್ ಹೋದರೆ ಹಳೆಯ ಫೈಲ್ ಇರುತ್ತಿತ್ತು, ಇಲ್ಲವೇ ಹೊಸ ಫೈಲ್ ಇರುತ್ತಿತ್ತು. ಎರಡೂ ಇಲ್ಲದ ಸ್ಥಿತಿ ಬಾರದೆಂದು ಜನ ನಂಬಿದರು. ಈ ನಂಬಿಕೆಯ ಮೇಲೆ ಕೆಡಿಇ, ಗ್ನೋಮ್‌ನಂಥ ಡೆಸ್ಕ್‌ಟಾಪ್‌ಗಳು ತಮ್ಮ ನೂರಾರು ಸಣ್ಣ ಫೈಲುಗಳನ್ನು ಬರೆಯುತ್ತ ಹೋದವು.

ಎಕ್ಸ್ಟ್-3ರ ಮುಂದಿನ ಪೀಳಿಗೆಯಾದ ಎಕ್ಸ್ಟ್-4 ಸ್ಥಿರವಾಗಿದೆ ಎಂಬ ಘೋಷಣೆ 2008ರ ಡಿಸೆಂಬರಿನಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ 2.6.28ನೆಯ ಆವೃತ್ತಿಯ ಜೊತೆ ಬಂತು. ಅದರಲ್ಲಿದ್ದ ಮುಖ್ಯ ಸುಧಾರಣೆಗಳಲ್ಲಿ ಒಂದು, ಡಿಸ್ಕ್‌ನಲ್ಲಿ ಜಾಗ ಹಂಚುವ ಕೆಲಸವನ್ನು ತಡಮಾಡುವುದು. ಪ್ರೋಗ್ರಾಂ ಬರೆದ ತಕ್ಷಣ ಜಾಗ ಗೊತ್ತುಮಾಡದೆ, ದತ್ತಾಂಶವನ್ನು ಮೆಮೊರಿಯಲ್ಲೇ ಇಟ್ಟುಕೊಂಡು, ಒಟ್ಟು ಎಷ್ಟು ಬರೆಯಬೇಕೆಂದು ತಿಳಿದ ಮೇಲೆ ಒಂದೇ ಕಡೆ ಉದ್ದಕ್ಕೆ ಜಾಗ ಕೊಡುವುದು. ಇದರಿಂದ ಫೈಲುಗಳು ಚೂರುಚೂರಾಗಿ ಹರಡುವುದು ತಪ್ಪುತ್ತದೆ, ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಅಳಿಯುವ ತಾತ್ಕಾಲಿಕ ಫೈಲುಗಳು ಡಿಸ್ಕ್‌ಗೆ ಹೋಗುವ ಪ್ರಮೇಯವೇ ಬರುವುದಿಲ್ಲ. ಎಸ್‌ಜಿಐ ಕಂಪನಿಯ ಎಕ್ಸ್‌ಎಫ್‌ಎಸ್‌ನಲ್ಲಿ ಈ ತಂತ್ರ ಮೊದಲೇ ಇತ್ತು. ಯಾವ ಪಠ್ಯಪುಸ್ತಕ ತೆರೆದು ನೋಡಿದರೂ ಇದು ಒಳ್ಳೆಯ ವಿನ್ಯಾಸವೇ. ಆದರೆ ದತ್ತಾಂಶ ಈಗ ಅರ್ಧ ನಿಮಿಷ ಅಥವಾ ಅದಕ್ಕೂ ತುಸು ಹೆಚ್ಚು ಹೊತ್ತು ಮೆಮೊರಿಯಲ್ಲೇ ಉಳಿಯಬಹುದಾಗಿತ್ತು. ರೀನೇಮ್‌ನ ದಾಖಲೆ ಮಾತ್ರ ಮೊದಲಿನಂತೆ ಐದು ಸೆಕೆಂಡಿನೊಳಗೆ ಜರ್ನಲ್ ಸೇರುತ್ತಿತ್ತು. ಹೊಸ ಮನೆಗೆ ತಳಪಾಯವನ್ನೂ ಹಾಕದೆ, ಹಳೆಯ ಮನೆ ಕೆಡವಿ, ಪಂಚಾಯಿತಿ ಖಾತೆಯಲ್ಲಿ ಹೊಸ ಮನೆಯ ಹೆಸರು ಏರಿಸಿದಂತೆ ಇದು. ಆ ನಡುವಿನ ಅವಧಿಯಲ್ಲಿ ಯಂತ್ರ ಆರಿಹೋದರೆ ಫೈಲಿನ ಹೆಸರು ಇರುತ್ತದೆ, ಅದರ ಉದ್ದ ಮಾತ್ರ ಸೊನ್ನೆ.

ಆ ಸೊನ್ನೆಯನ್ನು ನಾನು ಕಣ್ಣಾರೆ ಕಂಡದ್ದು ಹಾಸ್ಟೆಲಿನಲ್ಲಿ. ನನ್ನ ಕೋಣೆಯ ಗೆಳೆಯ ಇನ್ನೂ ಬಿಡುಗಡೆಯಾಗದ ಉಬುಂಟು ಲಿನಕ್ಸ್ 9.04ರ ಆಲ್ಫಾ (ಪರೀಕ್ಷೆಯ) ಆವೃತ್ತಿಯನ್ನು ಕೆಡಿಇ ಸಮೇತ ಹಾಕಿಕೊಂಡಿದ್ದ, ಇನ್‌ಸ್ಟಾಲರಿನಲ್ಲಿ ಹೊಸದಾಗಿ ಬಂದಿದ್ದ ಎಕ್ಸ್ಟ್-4 ಆಯ್ಕೆಯನ್ನೇ ಆರಿಸಿಕೊಂಡಿದ್ದ. ಅದು ಲೋಡ್ ಶೆಡ್ಡಿಂಗ್‌ನ ಕಾಲ. ಮಧ್ಯಾಹ್ನ ಹೇಳದೆ ಕೇಳದೆ ಕರೆಂಟ್ ಹೋಗುತ್ತಿತ್ತು, ಯುಪಿಎಸ್ ಕೊಳ್ಳುವ ಸ್ಥಿತಿಯಲ್ಲಿ ನಾವು ಯಾರೂ ಇರಲಿಲ್ಲ. ಒಂದು ಸಂಜೆ ಕರೆಂಟ್ ಬಂದ ಮೇಲೆ ಅವನು ಲಾಗಿನ್ ಆದಾಗ ಪರದೆಯ ಕೆಳಗಿನ ಪಟ್ಟಿ, ಹಿನ್ನೆಲೆ ಚಿತ್ರ, ಅವನು ವಾರಗಟ್ಟಲೆ ಕೂತು ಹೊಂದಿಸಿಕೊಂಡಿದ್ದ ಶಾರ್ಟ್‌ಕಟ್‌ಗಳು ಎಲ್ಲವೂ ಮಾಯವಾಗಿದ್ದವು. ಟರ್ಮಿನಲ್ ತೆರೆದು ಅಡಗಿದ ಡೈರೆಕ್ಟರಿಯೊಳಗೆ ಪಟ್ಟಿ ಮಾಡಿ ನೋಡಿದೆವು. ಹೆಸರುಗಳೆಲ್ಲ ಇದ್ದವು, ಹಲವು ಹೆಸರುಗಳ ಎದುರು ಸೊನ್ನೆ ಬೈಟ್ ಎಂದಿತ್ತು. "ಸರಿಯಾಗಿ ಶಟ್‌ಡೌನ್ ಮಾಡ್ದೇ ಇದ್ರೆ ಹಿಂಗೇ ಆಗೋದು ಕಣೋ" ಎಂದು ಅವನು ನನಗೇ ಸಮಾಧಾನ ಹೇಳಿದ. ಫೈಲ್ ಸಿಸ್ಟಮ್ ಬರೆದವರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಕೆಡಿಇ ಬರೆದವರ ಮೇಲೂ ಬರಲಿಲ್ಲ. ತಪ್ಪು ವಿದ್ಯುತ್ ಇಲಾಖೆಯದು, ಇಲ್ಲದಿದ್ದರೆ ತನ್ನದೇ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಕಂಪ್ಯೂಟರ್ ಬಳಸುವ ಬಹುಪಾಲು ಜನ ಹೀಗೆಯೇ ತೀರ್ಮಾನಿಸುತ್ತಾರೆ. ಈ ಕಾರಣದಿಂದಲೇ ಅವರ ಅಹವಾಲು ವಿನ್ಯಾಸದ ಚರ್ಚೆ ನಡೆಯುವ ಕೋಣೆಯವರೆಗೆ ಬರುವುದು ಅಪರೂಪ.

ಎರಡು ಸರಿಗಳ ನಡುವೆ

ಆದರೆ ಆ ಸಲ ಅಹವಾಲು ತಲುಪಬೇಕಾದವರನ್ನು ತಲುಪಿತು. ಉಬುಂಟು ಪರೀಕ್ಷಿಸುತ್ತಿದ್ದ ಬೇರೆಯವರಿಗೂ ಇದೇ ಅನುಭವವಾಗಿತ್ತು, ಅವರ ದೂರಿಗೆ ಎಕ್ಸ್ಟ್-4ರ ಹೊಣೆ ಹೊತ್ತಿದ್ದ ಟೆಡ್ ತ್ಸೊ ಅವರೇ ವಿವರವಾಗಿ ಉತ್ತರಿಸಿದರು. ಅವರ ವಾದದ ಸಾರ ಇಷ್ಟು: ಪಾಸಿಕ್ಸ್ ಎಂಬ ಶಿಷ್ಟಮಾನದ ಪ್ರಕಾರ, ಬರೆದದ್ದು ಡಿಸ್ಕ್ ಸೇರಿತೆಂಬ ಖಾತರಿ ಬೇಕಾದ ಪ್ರೋಗ್ರಾಂ ಎಫ್‌ಸಿಂಕ್ ಕರೆಯನ್ನು ಬಳಸಬೇಕು. ಬಳಸದಿದ್ದರೆ ಯಾವ ಖಾತರಿಯೂ ಇಲ್ಲ. ಎಕ್ಸ್ಟ್-3 ಕೊಡುತ್ತಿದ್ದ ಸುರಕ್ಷತೆ ಅದರ ಒಳರಚನೆಯಿಂದ ಆಕಸ್ಮಿಕವಾಗಿ ಸಿಕ್ಕದ್ದೇ ಹೊರತು ಯಾರೂ ಕೊಟ್ಟ ಮಾತಲ್ಲ. ಎಕ್ಸ್‌ಎಫ್‌ಎಸ್‌ನಂಥ ಬೇರೆ ಫೈಲ್ ಸಿಸ್ಟಮ್‌ಗಳು ಅದನ್ನು ಕೊಡುತ್ತಲೂ ಇರಲಿಲ್ಲ. ಆದ್ದರಿಂದ ಸರಿಪಡಿಸಬೇಕಾದದ್ದು ಪ್ರೋಗ್ರಾಂಗಳನ್ನು. ನೂರಾರು ಪುಟ್ಟ ಫೈಲುಗಳನ್ನು ಸದಾ ಬರೆಯುತ್ತಿರುವ ಡೆಸ್ಕ್‌ಟಾಪ್‌ನ ವಿನ್ಯಾಸವನ್ನೇ ಅವರು ಪ್ರಶ್ನಿಸಿದರು, ಎಸ್‌ಕ್ಯೂಲೈಟ್‌ನಂಥ ಒಂದು ಸಣ್ಣ ಡೇಟಾಬೇಸಿನಲ್ಲಿ ಅವನ್ನೆಲ್ಲ ಇಡಬಾರದೇಕೆ ಎಂದು ಕೇಳಿದರು.

ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಪ್ರೋಗ್ರಾಂ ಬರೆಯುವವರು ಎಫ್‌ಸಿಂಕ್‌ನಿಂದ ದೂರ ಸರಿದದ್ದು ಸೋಮಾರಿತನದಿಂದಲ್ಲ. ಎಕ್ಸ್ಟ್-3ರಲ್ಲಿ ಒಂದು ಚಿಕ್ಕ ಫೈಲಿಗೆ ಎಫ್‌ಸಿಂಕ್ ಕರೆದರೂ, ಜರ್ನಲ್‌ನ ಕ್ರಮ ಕಾಯ್ದುಕೊಳ್ಳುವ ಸಲುವಾಗಿ, ಬೇರೆ ಪ್ರೋಗ್ರಾಂಗಳು ಬರೆದಿದ್ದ ದತ್ತಾಂಶವೂ ಅದರ ಜೊತೆಗೇ ಡಿಸ್ಕ್‌ಗೆ ಹೋಗಬೇಕಾಗುತ್ತಿತ್ತು. 2008ರ ಜೂನ್‌ನಲ್ಲಿ ಬಂದ ಫೈರ್‌ಫಾಕ್ಸ್ 3 ತಾನು ಭೇಟಿಕೊಟ್ಟ ಪುಟಗಳ ಇತಿಹಾಸವನ್ನು ಎಸ್‌ಕ್ಯೂಲೈಟ್‌ನಲ್ಲಿ ಇಡತೊಡಗಿತ್ತು, ಎಸ್‌ಕ್ಯೂಲೈಟ್ ಶಿಸ್ತಾಗಿ ಎಫ್‌ಸಿಂಕ್ ಕರೆಯುತ್ತಿತ್ತು. ಪರಿಣಾಮವಾಗಿ, ಹಿನ್ನೆಲೆಯಲ್ಲಿ ದೊಡ್ಡ ಫೈಲೊಂದು ನಕಲಾಗುತ್ತಿದ್ದರೆ ಬ್ರೌಸರ್ ಹಲವು ಸೆಕೆಂಡು ಮರಗಟ್ಟಿ ನಿಲ್ಲುತ್ತಿತ್ತು. ಶಿಷ್ಟಮಾನ ಹೇಳಿದಂತೆ ನಡೆದ ಪ್ರೋಗ್ರಾಂ ಜನರಿಂದ ಬೈಸಿಕೊಂಡಿತು. ಅದನ್ನು ನೋಡಿದ ಉಳಿದವರು ಎಫ್‌ಸಿಂಕ್ ಎಂದರೆ ಹೆದರಬೇಕಾದ ವಸ್ತು ಎಂದು ಕಲಿತರು. ಹಾಗೆ ಕಲಿಸಿದ ಫೈಲ್ ಸಿಸ್ಟಮ್‌ನ ವಂಶದವರೇ ಒಂದು ವರ್ಷವೂ ತುಂಬುವ ಮೊದಲು ಬಂದು, ನೀವೇಕೆ ಎಫ್‌ಸಿಂಕ್ ಕರೆಯುವುದಿಲ್ಲ ಎಂದು ಕೇಳಿದಂತಾಯಿತು. ಈ ಹಿನ್ನೆಲೆಯನ್ನು ಬಿಟ್ಟು ಬರೀ ಶಿಷ್ಟಮಾನದ ಸಾಲುಗಳನ್ನು ಓದಿದರೆ ನ್ಯಾಯ ಒಂದೇ ಕಡೆ ಇದ್ದಂತೆ ಕಾಣುತ್ತದೆ.

ಆ ದಿನಗಳ ಮಾತುಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ಮ್ಯಾಥ್ಯೂ ಗ್ಯಾರೆಟ್ ಎತ್ತಿದ ಪ್ರಶ್ನೆ. ಲ್ಯಾಪ್‌ಟಾಪುಗಳಲ್ಲಿ ವಿದ್ಯುತ್ ಉಳಿಸುವ ಕೆಲಸ ಮಾಡುತ್ತಿದ್ದ ಅವರಿಗೆ, ಎಫ್‌ಸಿಂಕ್ ಕರೆದಾಗಲೆಲ್ಲ ಮಲಗಿದ್ದ ಡಿಸ್ಕ್ ಎದ್ದು ತಿರುಗಬೇಕಾಗುತ್ತದೆ ಎಂಬುದು ಗೊತ್ತಿತ್ತು. ರೀನೇಮ್ ಮಾಡುವ ಪ್ರೋಗ್ರಾಂಗೆ ಬೇಕಾಗಿರುವುದು ಈಗಲೇ ಡಿಸ್ಕ್‌ಗೆ ಬರೆ ಎಂಬುದಲ್ಲ; ಯಾವಾಗ ಬೇಕಾದರೂ ಬರೆ, ಆದರೆ ದತ್ತಾಂಶ ಮೊದಲು, ಹೆಸರಿನ ಬದಲಾವಣೆ ನಂತರ ಎಂಬುದು. ಅಂದರೆ ಅದಕ್ಕೆ ಬೇಕಾದದ್ದು ಕ್ರಮ. ನಮ್ಮ ಕೈಯಲ್ಲಿರುವ ಕರೆ ಕೊಡುವುದೋ ತಕ್ಷಣದ ಖಾತರಿಯನ್ನು. ಕ್ರಮವಷ್ಟೇ ಬೇಕಾದವನಿಗೂ ದುಬಾರಿಯಾದ ಖಾತರಿಯನ್ನೇ ಕೊಳ್ಳಬೇಕಾದ ಪರಿಸ್ಥಿತಿ. ಇದನ್ನು ಓದಿದಾಗ ಇಡೀ ವಾದದ ನೆಲೆಯೇ ನನ್ನ ಕಣ್ಣಿಗೆ ಬದಲಾಯಿತು. ಅದುವರೆಗೆ ಯಾರು ತಪ್ಪಿತಸ್ಥರು ಎಂಬ ವಿಚಾರಣೆಯಾಗಿದ್ದದ್ದು, ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇರಬೇಕಾಗಿದ್ದ ಒಂದು ಸೌಲಭ್ಯ ಇಲ್ಲವೆಂಬ ಅರಿವಾಗಿ ಬದಲಾಯಿತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕೂಡ ತಮ್ಮ ಎಂದಿನ ಕಟುವಾದ ಭಾಷೆಯಲ್ಲಿ, ವಿವರದ ದಾಖಲೆಯನ್ನು ಬೇಗ ಬರೆದು ದತ್ತಾಂಶವನ್ನು ತಡವಾಗಿ ಬರೆಯುವ ಕ್ರಮವೇ ಅವಿವೇಕದ್ದೆಂದು ವಾದಿಸಿದರು.

ಇಷ್ಟಾದ ಮೇಲೆ ಏನಾಯಿತು ಎಂಬುದು ನನಗೆ ಮುಖ್ಯ. ತ್ಸೊ ತಮ್ಮ ನಿಲುವನ್ನು ಬಿಡಲಿಲ್ಲ, ಎಫ್‌ಸಿಂಕ್‌ಗೆ ಹೆದರಬೇಡಿ ಎಂದು ಪ್ರೋಗ್ರಾಂ ಬರೆಯುವವರಿಗೆ ಮತ್ತೆ ಮತ್ತೆ ಹೇಳಿದರು. ಹಾಗೆ ವಾದಿಸುತ್ತಿದ್ದಾಗಲೇ, ತಾವು ಯಾರಿಗೂ ಕೊಟ್ಟಿರದ ಆ ಮಾತನ್ನು ಬಹುಮಟ್ಟಿಗೆ ಉಳಿಸಿಕೊಡುವ ಪ್ಯಾಚ್‌ಗಳನ್ನೂ (ಕೋಡಿನ ತಿದ್ದುಪಡಿಗಳನ್ನೂ) ಬರೆದರು. ಇರುವ ಫೈಲಿನ ಮೇಲೆ ಇನ್ನೊಂದನ್ನು ರೀನೇಮ್ ಮಾಡಿದಾಗ, ಅಥವಾ ಫೈಲನ್ನು ಖಾಲಿ ಮಾಡಿ ಮತ್ತೆ ಬರೆದು ಮುಚ್ಚಿದಾಗ, ತಡಮಾಡಿಟ್ಟ ಜಾಗವನ್ನು ಕೂಡಲೇ ಹಂಚಿ ದತ್ತಾಂಶ ಹೊರಡುವಂತೆ ಅವು ನೋಡಿಕೊಳ್ಳುತ್ತವೆ. 2009ರ ಜೂನ್‌ನಲ್ಲಿ ಬಂದ 2.6.30ರಲ್ಲಿ ಅವು ಸೇರಿದವು; ಅದಕ್ಕೂ ಮೊದಲೇ ಉಬುಂಟು ಮತ್ತು ಅದರಂತೆಯೇ ಲಿನಕ್ಸ್‌ನ ಇನ್ನೊಂದು ರೂಪವಾದ ಫೆಡೋರಾ ತಮ್ಮ ಕರ್ನಲ್‌ಗಳಿಗೆ ಅವನ್ನು ಸೇರಿಸಿಕೊಂಡವು. ವೇಗವೇ ಮುಖ್ಯವೆನ್ನುವವರು ಇದನ್ನು ನಿಲ್ಲಿಸಿಕೊಳ್ಳಲು, ಫೈಲ್ ಸಿಸ್ಟಮನ್ನು ಯಂತ್ರಕ್ಕೆ ಜೋಡಿಸುವಾಗ ಕೊಡಬಹುದಾದ ಒಂದು ಮೌಂಟ್ ಆಯ್ಕೆಯನ್ನೂ ಕೊಟ್ಟರು. ವಾದದಲ್ಲಿ ತನ್ನದೇ ಸರಿಯೆಂದು ದೃಢವಾಗಿ ನಂಬಿರುವ ಮನುಷ್ಯ, ತನ್ನದಲ್ಲದ ತಪ್ಪಿನ ಹೊರೆಯನ್ನು ತನ್ನ ಕೋಡಿನೊಳಗೆ ಎಳೆದುಕೊಳ್ಳುವುದು ಸಣ್ಣ ಸಂಗತಿಯಲ್ಲ. ಆ ಹೊರೆಯನ್ನು ಹೊರಲು ಫೈಲ್ ಸಿಸ್ಟಮ್‌ಗೆ ಬೇಕಾದದ್ದು ಒಂದೆರಡು ಪ್ಯಾಚ್‌ಗಳು. ಅದನ್ನೇ ಹೊರಗೆ ಹಂಚಿದ್ದರೆ ಲೆಕ್ಕವಿಲ್ಲದಷ್ಟು ಪ್ರೋಗ್ರಾಂಗಳನ್ನು, ಬರೆದವರು ಬಿಟ್ಟುಹೋದವನ್ನೂ ಸೇರಿಸಿ, ತಿದ್ದಬೇಕಾಗುತ್ತಿತ್ತು. ಯಾರು ಸರಿ ಎಂಬ ಪ್ರಶ್ನೆಗಿಂತ, ಹೊರೆ ಯಾರ ಹೆಗಲಿಗೆ ಹಗುರ ಎಂಬ ಪ್ರಶ್ನೆ ವಿನ್ಯಾಸಕ್ಕೆ ಹೆಚ್ಚು ಸಹಾಯ ಮಾಡುತ್ತದೆ ಎಂದು ನಾನು ನಂಬುವುದು ಈ ಕಾರಣಕ್ಕೆ.

ಎಲ್ಲ ತಂಡಗಳೂ ಹೀಗೆ ನಡೆದುಕೊಳ್ಳುವುದಿಲ್ಲ. 2010ರಲ್ಲಿ ಫೆಡೋರಾ 14 ಬಂದಾಗ ಅದರ 64 ಬಿಟ್ ಆವೃತ್ತಿಯಲ್ಲಿ, ಬ್ರೌಸರಿನಲ್ಲಿ ವಿಡಿಯೊ ನಡೆಸುತ್ತಿದ್ದ ಅಡೋಬಿ ಫ್ಲ್ಯಾಶ್‌ನ ಧ್ವನಿ ಕೆಟ್ಟು ಬರತೊಡಗಿತು. ಬಹುತೇಕ ಪ್ರೋಗ್ರಾಂಗಳು ಬಳಸುವ ಜಿಲಿಬ್‌ಸಿ ಲೈಬ್ರರಿಯಲ್ಲಿ, ಮೆಮೊರಿಯ ಒಂದು ಭಾಗವನ್ನು ಇನ್ನೊಂದಕ್ಕೆ ನಕಲಿಸುವ ಮೆಮ್‌ಕಾಪಿ ಎಂಬ ಕರೆಯನ್ನು ಹೊಸ ಪ್ರೊಸೆಸರ್‌ಗಳಿಗೆ ವೇಗವಾಗಿಸಿದ್ದರು. ಒಂದರ ಮೇಲೊಂದು ಹಾಯುವ ಮೆಮೊರಿ ಭಾಗಗಳಿಗೆ ಮೆಮ್‌ಕಾಪಿ ಬಳಸಬಾರದು, ಅದಕ್ಕೆ ಮೆಮ್‌ಮೂವ್ ಇದೆ ಎಂದು ಶಿಷ್ಟಮಾನ ಮೊದಲಿಂದಲೂ ಹೇಳುತ್ತಿತ್ತು. ಫ್ಲ್ಯಾಶ್ ಆ ನಿಯಮ ಮುರಿದಿತ್ತು. ಆದ್ದರಿಂದ ಇದು ನಮ್ಮ ದೋಷವಲ್ಲ ಎಂಬ ಉತ್ತರ ಬಂತು. ಧ್ವನಿ ಕೇಳಬೇಕಾಗಿದ್ದ ಬಳಕೆದಾರನಿಗೆ ಆ ಉತ್ತರದಿಂದ ಏನು ಸಿಕ್ಕೀತು ಎಂದು ಟೊರ್ವಾಲ್ಡ್ಸ್ ಅಲ್ಲಿಯೂ ಜಗಳ ತೆಗೆದರು. ಕೊನೆಗೆ 2011ರ ಜಿಲಿಬ್‌ಸಿ 2.14ರಲ್ಲಿ ಒಂದು ದಾರಿ ಕಂಡುಕೊಂಡರು: ಹೊಸದಾಗಿ ಕಟ್ಟುವ ಪ್ರೋಗ್ರಾಂಗಳಿಗೆ ಹೊಸ ಮೆಮ್‌ಕಾಪಿ, ಮೊದಲೇ ಕಟ್ಟಿಟ್ಟ ಹಳೆಯ ಬೈನರಿಗಳಿಗೆ ಮೆಮ್‌ಮೂವ್‌ನಂತೆಯೇ ನಡೆಯುವ ಹಳೆಯದು. ಹಳೆಯ ಅಭ್ಯಾಸವನ್ನು ಹಳಬರಿಗೆ ಮಾತ್ರ ಉಳಿಸಿ, ಹೊಸಬರಿಗೆ ನಿಯಮವನ್ನು ಮೊದಲ ದಿನದಿಂದ ಅನ್ವಯಿಸುವ ಈ ಉಪಾಯ ಎಷ್ಟು ಚೆನ್ನಾಗಿದೆಯೆಂದರೆ, ಅದು ಮೊದಲ ದಿನವೇ ಏಕೆ ಹೊಳೆಯಲಿಲ್ಲ ಎಂದು ಕೇಳಬೇಕೆನ್ನಿಸುತ್ತದೆ. ದೋಷ ನಮ್ಮದಲ್ಲವೆಂದು ಒಮ್ಮೆ ತೀರ್ಪು ಬರೆದ ಮೇಲೆ ಉಪಾಯ ಹುಡುಕುವ ಹಂಬಲ ಕಡಿಮೆಯಾಗುತ್ತದೆ ಎಂಬುದೇ ನನಗೆ ತೋಚುವ ಉತ್ತರ.

ಡಿಸ್ಕ್ ಸುಮ್ಮನಾದಾಗ ನಿಂತುಹೋದ ಯಂತ್ರ

ಹತ್ತು ವರ್ಷದ ನಂತರ ಅದೇ ಎಕ್ಸ್ಟ್-4ರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಅದನ್ನು ಓದಿದಾಗ, ಬರೆಯದ ಕರಾರು ಎಷ್ಟು ದೂರದವರೆಗೆ ಬೇರು ಬಿಡಬಲ್ಲದು ಎಂದು ನಾನು ಬೆರಗಾದೆ. 2019ರಲ್ಲಿ ಕರ್ನಲ್ 5.3 ತಯಾರಾಗುತ್ತಿದ್ದಾಗ ಎಕ್ಸ್ಟ್-4ಕ್ಕೆ ಒಂದು ಚಿಕ್ಕ ಸುಧಾರಣೆ ಸೇರಿತು. ಐನೋಡ್‌ಗಳನ್ನು (ಫೈಲುಗಳ ವಿವರ ಇರುವ ದಾಖಲೆಗಳನ್ನು) ಓದುವಾಗ ಅಕ್ಕಪಕ್ಕದ ಓದುಗಳನ್ನು ಕೂಡಿಸಿ ಒಂದಾಗಿ ಕಳಿಸುವುದು, ಅಂದರೆ ಡಿಸ್ಕ್‌ಗೆ ಹೋಗುವ ಕೋರಿಕೆಗಳ ಸಂಖ್ಯೆ ಇಳಿಸುವುದು. ಯಾರೂ ಆಕ್ಷೇಪಿಸುವಂಥದ್ದೇನೂ ಅದರಲ್ಲಿರಲಿಲ್ಲ. ಆದರೆ ಅದು ಬಂದ ಮೇಲೆ ಒಬ್ಬ ಡೆವಲಪರ್‌ನ ಲ್ಯಾಪ್‌ಟಾಪ್ ಬೂಟ್ ಆಗುವಾಗ, ಲಾಗಿನ್ ಪರದೆ ಬರುವ ಮೊದಲೇ ನಿಂತುಬಿಡತೊಡಗಿತು.

ಕಾರಣದ ಸರಪಳಿ ಹೀಗಿತ್ತು. ಲಾಗಿನ್ ಪರದೆ ತರುವ ಪ್ರೋಗ್ರಾಂಗೆ ಶುರುವಿನಲ್ಲಿ ಕೆಲವು ಯಾದೃಚ್ಛಿಕ ಸಂಖ್ಯೆಗಳು ಬೇಕು. ಅವನ್ನು ಅದು 2014ರಲ್ಲಿ ಕರ್ನಲ್‌ಗೆ ಸೇರಿದ್ದ ಗೆಟ್‌ರ್ಯಾಂಡಮ್ ಎಂಬ ಕರೆಯಿಂದ ಕೇಳುತ್ತದೆ. ಊಹಿಸಲಾಗದ ಸಂಖ್ಯೆ ಕೊಡುವಷ್ಟು ಅನಿಶ್ಚಿತತೆ ಕರ್ನಲ್‌ನ ಬೊಕ್ಕಸದಲ್ಲಿ ಸೇರುವವರೆಗೆ ಆ ಕರೆ ಕಾಯಿಸುತ್ತದೆ. ಕರ್ನಲ್ ಆ ಅನಿಶ್ಚಿತತೆಯನ್ನು ಕೂಡಿಹಾಕುವ ದಾರಿಗಳಲ್ಲಿ ಒಂದು, ಕೆಲಸ ಮುಗಿಯಿತೆಂದು ಡಿಸ್ಕ್ ಕಳಿಸುವ ಸಂಕೇತಗಳಾದ ಇಂಟರಪ್ಟ್‌ಗಳ ಕಾಲದ ಏರುಪೇರು. ಡಿಸ್ಕ್ ಕೋರಿಕೆಗಳು ಕಡಿಮೆಯಾದಾಗ ಇಂಟರಪ್ಟ್‌ಗಳೂ ಇಳಿದವು, ಬೊಕ್ಕಸ ತುಂಬಲಿಲ್ಲ. ಲಾಗಿನ್ ಪ್ರೋಗ್ರಾಂ ಕಾಯುತ್ತ ಕುಳಿತಿತು, ಅದು ಕಾಯುತ್ತಿದ್ದುದರಿಂದ ಯಂತ್ರದಲ್ಲಿ ಬೇರೆ ಚಟುವಟಿಕೆಯೂ ನಡೆಯಲಿಲ್ಲ, ಚಟುವಟಿಕೆ ಇಲ್ಲದ್ದರಿಂದ ಬೊಕ್ಕಸ ತುಂಬುವ ದಾರಿಯೂ ಮುಚ್ಚಿತು. ಫೈಲ್ ಸಿಸ್ಟಮ್ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿದ್ದೇ ಯಂತ್ರ ನಿಲ್ಲಲು ಕಾರಣವಾಯಿತು. ಡಿಸ್ಕ್ ಇಂತಿಷ್ಟು ಗದ್ದಲ ಮಾಡುತ್ತದೆಂದು ಫೈಲ್ ಸಿಸ್ಟಮ್ ಯಾರಿಗೂ ಮಾತು ಕೊಟ್ಟಿರಲಿಲ್ಲ. ಅಂಥ ಮಾತನ್ನು ಕೇಳಬೇಕೆಂಬ ಕಲ್ಪನೆ ಕೂಡ ಯಾರಿಗೂ ಇರಲಿಲ್ಲ.

ಇಲ್ಲಿಯೂ ಎರಡು ನಿಲುವುಗಳು ಎದುರುಬದುರಾದವು. ಲಿನಕ್ಸ್ ಶುರುವಾಗುವಾಗ ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ ಲೆನಾರ್ಟ್ ಪೊಟ್ಟರಿಂಗ್ ಅವರಂಥವರ ಪ್ರಕಾರ, ಗೆಟ್‌ರ್ಯಾಂಡಮ್ ಕಾಯಿಸುತ್ತದೆ ಎಂಬುದೇ ಅದರ ಬೆಲೆ. ಕಾಯಿಸದೆ ದುರ್ಬಲ ಸಂಖ್ಯೆ ಕೊಟ್ಟರೆ ಅದರ ಮೇಲೆ ಕಟ್ಟಿದ ಕೀಲಿಗಳು ಊಹೆಗೆ ಸಿಕ್ಕಿಬಿಡುತ್ತವೆ, ಆ ಹಾನಿ ಯಾರಿಗೂ ಕಾಣದಂತೆ ಉಳಿಯುತ್ತದೆ. ಟೊರ್ವಾಲ್ಡ್ಸ್ ಪ್ರಕಾರ, ಬೂಟ್ ಆಗದ ಯಂತ್ರ ಎಷ್ಟು ಸುರಕ್ಷಿತವಾಗಿದ್ದರೂ ಪ್ರಯೋಜನವಿಲ್ಲ, ಶಾಶ್ವತವಾಗಿ ಕಾಯಿಸಬಲ್ಲ ಕರೆಯನ್ನು ವಿನ್ಯಾಸ ಮಾಡಿದ್ದೇ ತಪ್ಪು. ಮೊದಲನೆಯ ನಿಲುವಿನಲ್ಲಿರುವ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಬೂಟ್ ಆಗದ ಯಂತ್ರ ಕಣ್ಣಿಗೆ ಕಾಣುತ್ತದೆ, ದುರ್ಬಲವಾದ ಕೀಲಿ ಕಾಣುವುದಿಲ್ಲ. ಕಾಣುವ ತೊಂದರೆಗೆ ಬೇಗ ಮದ್ದು ಸಿಗುವುದು, ಕಾಣದ ತೊಂದರೆ ಹಿಂದೆ ಬೀಳುವುದು ಎಂಜಿನಿಯರಿಂಗ್‌ನಲ್ಲಿ ಮತ್ತೆ ಮತ್ತೆ ನಡೆಯುವ ಅನ್ಯಾಯ.

ಅವರು ಹಿಡಿದ ದಾರಿಯಲ್ಲಿ ಹಂತಗಳಿದ್ದವು, ಆ ಹಂತಗಳ ಕ್ರಮವೇ ನನಗೆ ಪಾಠದಂತಿದೆ. 2019ರ ಸೆಪ್ಟೆಂಬರ್ 15ರಂದು ಕರ್ನಲ್ 5.3 ಬಿಡುಗಡೆ ಮಾಡುವಾಗ ಟೊರ್ವಾಲ್ಡ್ಸ್ ಎಕ್ಸ್ಟ್-4ರ ಆ ಸುಧಾರಣೆಯನ್ನು ವಾಪಸ್ ತೆಗೆದರು. ಅದು ತಪ್ಪಾದ ಕೋಡ್ ಅಲ್ಲವೆಂದು ಗೊತ್ತಿದ್ದೂ, ಬಳಕೆದಾರನ ಯಂತ್ರ ನಿಂತದ್ದು ಅದರಿಂದ ಎಂಬ ಒಂದೇ ಕಾರಣಕ್ಕೆ ತೆಗೆದರು. ಅದಾದ ಎರಡೇ ವಾರದಲ್ಲಿ, 5.4ಕ್ಕಾಗಿ, ಬೊಕ್ಕಸ ತುಂಬಿಲ್ಲದಿದ್ದರೆ ಪ್ರೊಸೆಸರಿನ ಗಡಿಯಾರದ ಸೂಕ್ಷ್ಮ ಏರುಪೇರಿನಿಂದ ಕರ್ನಲ್ ತಾನೇ ಅನಿಶ್ಚಿತತೆಯನ್ನು ಹುಟ್ಟಿಸಿಕೊಳ್ಳುವ ವ್ಯವಸ್ಥೆ ಬಂತು. ಅದರ ಬೆನ್ನಿಗೇ ಎಕ್ಸ್ಟ್-4ರ ಸುಧಾರಣೆ ಮರಳಿ ಸೇರಿತು. ಮೊದಲು ತೊಂದರೆಗೊಳಗಾದವನನ್ನು ಅಲ್ಲಿಂದ ಎಬ್ಬಿಸಿ, ಆಮೇಲೆ ನಿಜವಾದ ದೌರ್ಬಲ್ಯವನ್ನು ಅದು ಇರುವ ಜಾಗದಲ್ಲೇ ಸರಿಪಡಿಸಿ, ಕೊನೆಗೆ ಒಳ್ಳೆಯ ಕೆಲಸಕ್ಕೆ ಮತ್ತೆ ಬಾಗಿಲು ತೆರೆದರು. ಪ್ಯಾಚ್ ವಾಪಸ್ ತೆಗೆದದ್ದನ್ನು ಎಕ್ಸ್ಟ್-4ರವರು ತಮಗಾದ ಸೋಲೆಂದು ಹಿಡಿದು ಕುಳಿತಿದ್ದರೆ ಮೂರನೆಯ ಹಂತ ಇಷ್ಟು ಬೇಗ ಬರುತ್ತಿರಲಿಲ್ಲ.

ಇದಕ್ಕೆ ತೆರುವ ಬೆಲೆ

ಇಷ್ಟು ಹೇಳಿದ ಮೇಲೆ, ಇನ್ನೊಂದು ಪಕ್ಕದ ಮಾತನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ನಡೆದು ಬಂದದ್ದೆಲ್ಲ ಕರಾರೇ ಎಂದರೆ ಯಾವ ವ್ಯವಸ್ಥೆಯೂ ಬದಲಾಗಲಾರದು. ಎಕ್ಸ್ಟ್-4ರ ಪ್ಯಾಚ್ ಎಷ್ಟೋ ಪ್ರೋಗ್ರಾಂಗಳ ತಪ್ಪನ್ನು ಮುಚ್ಚಿಟ್ಟಿತು, ಮುಚ್ಚಿಟ್ಟದ್ದರಿಂದ ಆ ತಪ್ಪುಗಳು ಉಳಿದುಕೊಂಡವು. ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಗಿಟ್, ಎಸ್‌ಕ್ಯೂಲೈಟ್, ಲೆವೆಲ್‌ಡಿಬಿ, ಪೋಸ್ಟ್‌ಗ್ರೆಸ್ ಮುಂತಾದ 11 ಪ್ರೋಗ್ರಾಂಗಳನ್ನು ಪರಿಶೀಲಿಸಿ, ವಿದ್ಯುತ್ ಹೋದಾಗ ದತ್ತಾಂಶ ಕೆಡಬಹುದಾದ 60 ಜಾಗಗಳನ್ನು ಗುರುತಿಸಿದರು. ನುರಿತವರು ಬರೆದ, ವರ್ಷಾನುಗಟ್ಟಲೆ ಬಳಕೆಯಲ್ಲಿದ್ದ ಪ್ರೋಗ್ರಾಂಗಳು ಅವು. ಒಂದೊಂದು ಫೈಲ್ ಸಿಸ್ಟಮ್ ಒಂದೊಂದು ಬಗೆಯ ಬರೆಯದ ಮಾತನ್ನು ನಡೆಸಿಕೊಡುತ್ತದೆ. ಒಂದರ ಮೇಲೆ ಪರೀಕ್ಷಿಸಿದ ಪ್ರೋಗ್ರಾಂ ಇನ್ನೊಂದರ ಮೇಲೆ ಹೋದಾಗ ನೆಲ ಜಾರುತ್ತದೆ. ಕರುಣೆಯಿಂದ ಉಳಿಸಿಕೊಟ್ಟ ಅಭ್ಯಾಸ ಹೀಗೆ ಕಲಿಯುವವನಿಗೆ ತಪ್ಪು ಪಾಠವನ್ನೂ ಹೇಳಿಕೊಡುತ್ತದೆ.

ಆದ್ದರಿಂದ ಆಕಸ್ಮಿಕವಾದ ನಡವಳಿಕೆ ಕರಾರಾಗಿ ಗಟ್ಟಿಯಾಗುವ ಮೊದಲೇ ಅದನ್ನು ಮುರಿಯುವುದು ಒಳ್ಳೆಯದು. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದವರು 2012ರ ಮೊದಲ ಆವೃತ್ತಿಯಲ್ಲೇ, ಮ್ಯಾಪ್‌ನೊಳಗಿನ (ಹೆಸರು–ಮೌಲ್ಯಗಳ ಜೋಡಿ ಇಡುವ ಪಟ್ಟಿಯೊಳಗಿನ) ಅಂಶಗಳನ್ನು ಸುತ್ತುವ ಕ್ರಮ ಬೇಕೆಂದೇ ಸಲಸಲಕ್ಕೂ ಬದಲಾಗುವಂತೆ ಮಾಡಿದರು. ಕ್ರಮವಿಲ್ಲವೆಂದು ಬರೆದಿಟ್ಟರೆ ಯಾರೂ ಓದುವುದಿಲ್ಲ, ಕ್ರಮವಿಲ್ಲವೆಂದು ಮೊದಲ ದಿನವೇ ಪ್ರೋಗ್ರಾಂ ತೋರಿಸಿಕೊಟ್ಟರೆ ಎಲ್ಲರೂ ಕಲಿಯುತ್ತಾರೆ. ನಾನು ಕೆಲಸ ಮಾಡುವ ಕಡೆ ಒಂದು ರಿವ್ಯೂನಲ್ಲಿ ಇದೇ ವಿಷಯ ಬಂದಿತ್ತು. ಡೈರೆಕ್ಟರಿಯ ಹೆಸರುಗಳ ಪಟ್ಟಿ ಅದುವರೆಗೆ ಅಕಾರಾದಿಯಾಗಿ ಬರುತ್ತಿತ್ತು. ಒಳರಚನೆ ಬದಲಾದರೆ ಹಾಗೆ ಬರುವುದಿಲ್ಲ, ಬರುತ್ತದೆಂದು ಯಾರೂ ಬರೆದೂ ಇರಲಿಲ್ಲ. ಎಂದಿನಂತೆ ಡಾಕ್ಯುಮೆಂಟ್ ಪರದೆಯ ಮೇಲೆ ಬಂತು. ಆಗ ಹೊಸದಾಗಿ ಸೇರಿದ್ದ ಎಂಜಿನಿಯರ್ ಒಬ್ಬಳು, "ಸರ್, ಬರೆದಿಲ್ಲ ಅನ್ನೋದು ಗೊತ್ತಾಯ್ತು. ಯಾರು ಯಾರು ಇದನ್ನ ನಂಬ್ಕೊಂಡಿದ್ದಾರೆ ಅನ್ನೋದನ್ನ ಹೇಗೆ ಗೊತ್ತು ಮಾಡ್ಕೊಳ್ಳೋದು?" ಎಂದು ಕೇಳಿದಳು. ಕೋಣೆಯಲ್ಲಿದ್ದ ಅನುಭವಿಗಳು ಯಾರೂ ಕೇಳಿರದ ಪ್ರಶ್ನೆ ಅದು. ಪರೀಕ್ಷೆಯ ಯಂತ್ರಗಳಲ್ಲಿ ಪಟ್ಟಿಯನ್ನು ಬೇಕೆಂದೇ ಕಲಸಿ ಕೊಡುವುದು, ಮುಂದಿನ ಬಿಡುಗಡೆಯವರೆಗೆ ಏನೇನು ಮುರಿಯುತ್ತದೆಂದು ನೋಡುವುದು ಎಂದು ತೀರ್ಮಾನವಾಯಿತು. ಮುರಿದವುಗಳಲ್ಲಿ ಹೆಚ್ಚಿನವು ನಮ್ಮವೇ ಆದ ಉಪಕರಣಗಳು. ಅವನ್ನು ತಿದ್ದಿದೆವು. ನಮ್ಮ ಕೈಗೆ ಸಿಗದ ಗ್ರಾಹಕರ ಪ್ರೋಗ್ರಾಂಗಳಿಗಾಗಿ ಹಳೆಯ ಕರೆಯಲ್ಲಿ ಪಟ್ಟಿಯನ್ನು ಜೋಡಿಸಿಯೇ ಕೊಡುವ ಖರ್ಚನ್ನು ಒಪ್ಪಿಕೊಂಡೆವು, ಹೊಸ ಕರೆಯಲ್ಲಿ ಒಪ್ಪಿಕೊಳ್ಳಲಿಲ್ಲ.

ಮತ್ತೆ ಫೈಲುಗಳ ವಿಷಯಕ್ಕೆ ಬರುವುದಾದರೆ, ಗ್ಯಾರೆಟ್ ಎತ್ತಿದ ಪ್ರಶ್ನೆಗೆ ಬೇರೆ ಬೇರೆಯವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಆಪಲ್‌ನ ಮ್ಯಾಕ್ ಓಎಸ್‌ನಲ್ಲಿ ಬರೀ ಎಫ್‌ಸಿಂಕ್ ಕರೆದರೆ ದತ್ತಾಂಶ ಡ್ರೈವ್‌ವರೆಗೆ ಹೋಗುತ್ತದೆಯೇ ಹೊರತು ಡ್ರೈವ್‌ನ ಒಳಗಿನ ಕ್ಯಾಶ್ (ತಾತ್ಕಾಲಿಕ ಮೆಮೊರಿ) ಖಾಲಿಯಾಗುವ ಭರವಸೆ ಇಲ್ಲ. ಪೂರ್ತಿ ಖಾತರಿಗೆ ಒಂದು ಕರೆ, ಕ್ರಮವಷ್ಟೇ ಬೇಕಾದವರಿಗೆ ಇನ್ನೊಂದು ಕರೆ ಅಲ್ಲಿ ಪ್ರತ್ಯೇಕವಾಗಿವೆ. ವಿಸ್ಕಾನ್ಸಿನ್‌ನ ಅದೇ ಸಂಶೋಧಕರ ಬಳಗ 2013ರಲ್ಲಿ, ಎಫ್‌ಸಿಂಕ್ ಎಂಬ ಒಂದು ಕರೆಯನ್ನು ಸೀಳಿ, ಕ್ರಮಕ್ಕೊಂದು ಖಾತರಿಗೊಂದು ಎಂದು ಎರಡು ಕರೆ ಮಾಡುವ ಫೈಲ್ ಸಿಸ್ಟಮ್ ವಿನ್ಯಾಸವನ್ನು ಮುಂದಿಟ್ಟಿತ್ತು. ಲಿನಕ್ಸ್‌ನಲ್ಲಿ ಮಾತ್ರ, ಎಲ್ಲ ಫೈಲ್ ಸಿಸ್ಟಮ್‌ಗಳಿಗೂ ಅನ್ವಯಿಸುವ ಅಂಥ ಕರೆ ಸೇರಿಲ್ಲ. ಸೆಟ್ಟಿಂಗ್ಸ್ ಫೈಲನ್ನು ಕೆಡದಂತೆ ಬದಲಿಸಬೇಕೆಂದಿರುವ ಪುಟ್ಟ ಪ್ರೋಗ್ರಾಂ ಇಂದಿಗೂ ಎಫ್‌ಸಿಂಕ್ ಕರೆದು ಕಾಯಬೇಕು, ಇಲ್ಲದಿದ್ದರೆ 2009ರ ಪ್ಯಾಚ್‌ಗಳ ಆಸರೆಯಲ್ಲಿ ಬದುಕಬೇಕು. ಆ ನಡವಳಿಕೆ ಎಕ್ಸ್ಟ್-4ರಲ್ಲಿ ಇಂದಿಗೂ ತಾನಾಗಿಯೇ ಚಾಲ್ತಿಯಲ್ಲಿರುತ್ತದೆ.

ಕ್ರಮಕ್ಕೆಂದೇ ಒಂದು ಕರೆಯನ್ನು ಲಿನಕ್ಸ್‌ಗೆ ತರುವ ಪ್ರಸ್ತಾವವನ್ನು ಯಾರಾದರೂ ಸಿದ್ಧಪಡಿಸಿದರೆ ನಾನು ಅದನ್ನು ಮನಸಾರೆ ಬೆಂಬಲಿಸುತ್ತೇನೆ. ಅದರಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿರಬೇಕೆಂದು ಬಯಸುತ್ತೇನೆ. ಹೊಸ ಕರೆ ಏನನ್ನು ಕೊಡುತ್ತದೆ ಎಂಬುದರಷ್ಟೇ ವಿವರವಾಗಿ ಏನನ್ನು ಕೊಡುವುದಿಲ್ಲ ಎಂಬುದನ್ನೂ ಬರೆದಿರಬೇಕು. ಕೊಡದಿರುವುದನ್ನು ಯಾರೂ ನಂಬಿಕೊಳ್ಳದಂತೆ, ವಿದ್ಯುತ್ ಹೋದ ಸ್ಥಿತಿಯನ್ನು ನಟಿಸಿ ಮುರಿದು ತೋರಿಸುವ ಪರೀಕ್ಷೆಯೂ ಅದರ ಜೊತೆಗೇ ಬರಬೇಕು. ಮೂರನೆಯದಾಗಿ, ಎಕ್ಸ್ಟ್-4ರ ಹಳೆಯ ನಡವಳಿಕೆಯನ್ನು ತೆಗೆದುಹಾಕುವ ಮಾತು ಆ ಪ್ರಸ್ತಾವದಲ್ಲಿ ಇರಬಾರದು. ಅದರ ಆಸರೆಯಲ್ಲಿ ಇಷ್ಟು ವರ್ಷ ಬರೆಯಲಾದ ಪ್ರೋಗ್ರಾಂಗಳು ಎಲ್ಲೆಲ್ಲಿವೆ ಎಂಬುದರ ಪಟ್ಟಿ ಯಾರ ಬಳಿಯೂ ಇಲ್ಲ. ಅವುಗಳಲ್ಲಿ ಎಷ್ಟೋ ಪ್ರೋಗ್ರಾಂಗಳನ್ನು ಬರೆದವರಿಗೆ ತಾವು ಆಸರೆಯಲ್ಲಿದ್ದೇವೆಂಬುದೇ ತಿಳಿದಿರಲಾರದು.